ಎಂಬತ್ತರ ನಂತರ ತೊಂಬತ್ತೇಳು

ಮಾರ್ಚ್ 2

ಅಕ್ಕ,

ಇಲ್ಲಿ ಎಲ್ಲರೂ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಅರ್ಧ ಪುಟ ತುಂಬಿಸುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ. ನೇರವಾಗಿ ವಿಷಯಕ್ಕೆ ಬರುತ್ತೇನೆ. ‘ಸೂಜಿ’ ಎಂಬ ಹೆಸರಿನಲ್ಲಿ ಬರೆಯುವವರ ಕಾದಂಬರಿ ನಮ್ಮ ಬೈಂಡಿಂಗ್ ಮನೆಯಲ್ಲಿ ಪುಸ್ತಕವಾಗಿದೆ.

ಅದೇ ಸೂಜಿ. ಹದಿಮೂರು ವರ್ಷದವಳಿದ್ದಾಗ ನಾನು ರದ್ದಿಯ ರಾಶಿಯಿಂದ ಹೆಕ್ಕಿ ಓದುತ್ತಿದ್ದ ಎಂಟು ಪುಟದ ಕಿರುಪುಸ್ತಿಕೆಗಳ ಸೂಜಿ. ನೀನು ಅವನ್ನು ಅಂಟಿನ ಡಬ್ಬಿಯ ಕೆಳಗೆ ಹಾಸುತ್ತಿದ್ದೆ, ನಾನು ಅಂಟು ಕೆರೆದು ಓದುತ್ತಿದ್ದೆ. ನನಗೆ ಅಕ್ಷರ ಕಲಿಸಿದ್ದು ಶಾಲೆ. ಆ ಅಕ್ಷರವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಕಲಿಸಿದ್ದು ಆ ಎಂಟು ಪುಟಗಳು. ಇಷ್ಟು ವರ್ಷ ಮುಖವನ್ನೇ ತೋರಿಸದೆ ಬರೆದವರು ಈಗ ಮೊದಲ ಸಲ ದಪ್ಪ ಪುಸ್ತಕ ಬರೆದಿದ್ದಾರೆ. ಈ ತಿಂಗಳ ಮೂವತ್ತು, ಭಾನುವಾರ ಬೆಳಿಗ್ಗೆ, ನಮ್ಮಿಂದ ಎರಡು ಬೀದಿ ಆಚೆಯ ಪುಸ್ತಕದಂಗಡಿಗೆ ಬಂದು ಓದುಗರಿಗೆ ಸಹಿ ಮಾಡಿಕೊಡಲಿದ್ದಾರೆ. ಅಪ್ಪ, ಅಮ್ಮ, ಅಜ್ಜಿ, ನಾನು ನಾಲ್ವರೂ ಹೋಗುತ್ತೇವೆ. ಅಜ್ಜಿಗೆ ಓದಲು ಬಾರದಿದ್ದರೂ ನಾನು ಓದಿದ್ದನ್ನೆಲ್ಲ ಕೇಳಿದ್ದಾಳೆ. ಅವಳು ಆಗಲೇ ಚಪ್ಪಲಿಗೆ ಹೊಸ ಪಟ್ಟಿ ಹಾಕಿಸಿಕೊಂಡು, ಸೂಜಿಯಮ್ಮನನ್ನು ನೋಡಲು ಇನ್ನೆಷ್ಟು ದಿನ ಎಂದು ಬೆರಳು ಮಡಿಸುತ್ತಿದ್ದಾಳೆ.

ಇನ್ನೊಂದು ವಿಜಯದ ಸುದ್ದಿ. ನೀನು ಮನೆ ಬಿಟ್ಟು ಏಳು ವರ್ಷವಾಯಿತು, ಕಸುಬು ಮರೆತಿರಬಹುದು, ಆದ್ದರಿಂದ ನೆನಪಿಸುತ್ತೇನೆ. ಹದಿನಾರು ಪುಟವಾಗಿ ಮಡಿಸಿದ ಹಾಳೆ ಒಂದು ಫಾರಂ, ಈ ಪುಸ್ತಕಕ್ಕೆ ಹನ್ನೆರಡು ಫಾರಂ. ಉದ್ದ ಮೇಜಿನ ಸುತ್ತ ಹನ್ನೆರಡು ರಾಶಿ. ಸುತ್ತಲೂ ನಡೆಯುತ್ತಾ ರಾಶಿಗೊಂದರಂತೆ ಎತ್ತಿಕೊಂಡರೆ ಒಂದು ಪುಸ್ತಕ. ಪ್ರತಿ ಫಾರಮ್ಮಿನ ಬೆನ್ನಿನಲ್ಲೂ ಒಂದು ಕಪ್ಪು ಗೆರೆ, ಹಿಂದಿನದಕ್ಕಿಂತ ಸ್ವಲ್ಪ ಕೆಳಗೆ. ಜೋಡಣೆ ಸರಿಯಿದ್ದರೆ ಗೆರೆಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಅಪ್ಪ ಕನ್ನಡಕವನ್ನು ಹಣೆಗೇರಿಸಿಕೊಂಡು, ಹೊಲಿಗೆಗೆ ಹೋಗುವ ಮುಂಚೆ ಒಂದೊಂದು ಪ್ರತಿಯ ಮೆಟ್ಟಿಲನ್ನೂ ನೋಡುತ್ತಿದ್ದರಲ್ಲ, ಅದನ್ನು ನಾನು ನಿಲ್ಲಿಸಿದೆ. ದುಡಿಯುವವರ ಬೆನ್ನ ಹಿಂದೆ ನಿಂತು ನೋಡುವುದು ಯಜಮಾನಿಕೆ, ನಂಬಿಕೆ ಇಲ್ಲದ ಕಡೆ ಕೆಲಸ ಇರುವುದಿಲ್ಲ, ಜೀತ ಇರುತ್ತದೆ ಎಂದು ಅರ್ಧ ಗಂಟೆ ವಾದಿಸಿದೆ. ಸೂಜಿಯ ಮಾತುಗಳನ್ನೇ ಎತ್ತಿ ಎತ್ತಿ ಹೇಳಿದೆ. ಅಮ್ಮ ದಾರ ಕಡಿಯುತ್ತಾ ನಗುತ್ತಿದ್ದಳು. ಅಪ್ಪ ಮಾತ್ರ ‘ಆಯ್ತಮ್ಮ, ನೋಡಲ್ಲ ಬಿಡು’ ಎಂದುಬಿಟ್ಟರು. ಇಷ್ಟು ಬೇಗ ಸೋತವರನ್ನು ನಾನು ಕಂಡಿಲ್ಲ.

ನಿನಗೆ ಇದು ಹಿಡಿಸಲಾರದು. ಬಾಟಲಿ ಕಾರ್ಖಾನೆಯಲ್ಲಿ ನಿನ್ನದು ಇದೇ ಉದ್ಯೋಗವಲ್ಲವೇ? ಕುಲುಮೆಯವರು ಬೆವರು ಸುರಿಸಿ ಮಾಡಿದ್ದನ್ನು ಬೆಳಕಿಗೆ ಹಿಡಿದು, ಇದು ಬಿರುಕು, ಅದು ಗುಳ್ಳೆ ಎಂದು ಮಾಲೀಕನ ಪರವಾಗಿ ಎತ್ತಿ ಆಚೆಗಿಡುವ ಕಾವಲುಗಾರ್ತಿ. ಅಪ್ಪನ ಮೇಜು ಬಿಟ್ಟು ಅಲ್ಲಿಗೆ ಹೋದೆ. ನಾನು ಮರೆತಿಲ್ಲ.

ಪುಸ್ತಕದ ಒಂದು ಪ್ರತಿ ಕಳಿಸಿದ್ದೇನೆ. ಜೋಡಿಸಿದವಳು ನಾನೇ. ಓದಿದ ಮೇಲೂ ನೀನು ಹೀಗೆಯೇ ಇದ್ದರೆ ಅದು ಪುಸ್ತಕದ ತಪ್ಪಲ್ಲ.

ನಿನ್ನ ತಂಗಿ


ಮಾರ್ಚ್ 10

ಕಿಡಿ,

ಈ ಹೆಸರು ನಿನಗಿಟ್ಟವಳು ನಾನು, ಆದ್ದರಿಂದ ಸುಡಿಸಿಕೊಳ್ಳುವ ಹಕ್ಕೂ ನನ್ನದೇ. ಕಾವಲುಗಾರ್ತಿ ಎಂದದ್ದನ್ನು ಓದಿದೆ. ನಿನ್ನೆ ಒಂದು ಬಾಟಲಿಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಎತ್ತಿ ಆಚೆಗಿಟ್ಟೆ. ಅದು ಮಕ್ಕಳ ಔಷಧಿಯ ಬಾಟಲಿ. ಇಷ್ಟೇ ನನ್ನ ವಾದ.

ಪುಸ್ತಕವನ್ನು ಮೂರು ದಿನ ಊಟದ ವೇಳೆಯಲ್ಲಿ ಓದಿ ಮುಗಿಸಿದೆ. ನಿನ್ನ ಸೂಜಿಯಮ್ಮ ಇಷ್ಟೊಂದು ಧೈರ್ಯದವರೆಂದು ತಿಳಿದಿರಲಿಲ್ಲ. ಬೀಗ ರಿಪೇರಿ ಮಾಡುವ ಆ ಮುದುಕ ಸಾಯುತ್ತಾನಲ್ಲ, ನಾಲ್ಕು ಜನ ಅವನನ್ನು ಹೊತ್ತು ಮೆಟ್ಟಿಲಿಳಿಯುವಾಗ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಪಕ್ಕದ ಪುಟಕ್ಕೆ ಕಣ್ಣು ಹೊರಳಿಸಿದರೆ ಅದೇ ಮುದುಕ ಕಿಟಕಿಯ ಬಳಿ ಕೂತು ಚಹಾ ಆರಿಸಿಕೊಳ್ಳುತ್ತಾ ಎದುರುಮನೆಯವಳ ಜೊತೆ ಜಗಳವಾಡುತ್ತಿದ್ದಾನೆ. ಯಾರ ಅಪ್ಪಣೆಯನ್ನೂ ಕೇಳದೆ ಸತ್ತವನನ್ನು ಎಬ್ಬಿಸಿ ಚಹಾ ಕೊಟ್ಟುಬಿಟ್ಟಿದ್ದಾರೆ. ನಾನು ಮೊದಲು ನಕ್ಕೆ, ಆಮೇಲೆ ಊಟದ ಡಬ್ಬಿ ಮುಚ್ಚಿಟ್ಟೆ. ಹೋದವರು ಹೀಗೇ ತಾನೇ ಬರುವುದು, ಹೇಳದೆ ಕೇಳದೆ, ಅರ್ಧ ವಾಕ್ಯದಲ್ಲಿ.

ಒಂದು ಮಾತ್ರ ಅರ್ಥವಾಗಲಿಲ್ಲ. ಅಪ್ಪ ಮೆಟ್ಟಿಲು ನೋಡುವುದನ್ನು ಒಂದೇ ಮಾತಿಗೆ ಬಿಟ್ಟರೇ? ನಮ್ಮ ಅಪ್ಪನೇ? ಅವರ ತಲೆನೋವು ಈಗ ಹೇಗಿದೆ?

ಅಕ್ಕ


ಮಾರ್ಚ್ 14

ಅಕ್ಕ,

ಒಂದು ಸಣ್ಣ ವಿಷಯ. ನಿನ್ನ ಪ್ರತಿಯಲ್ಲಿ 80ನೇ ಪುಟದ ಎದುರಿಗೆ ಯಾವ ಸಂಖ್ಯೆ ಇದೆ ನೋಡಿ ಬರೆ. ಸುಮ್ಮನೆ ಕುತೂಹಲ. ಹವೆ ಚೆನ್ನಾಗಿದೆ. ಇಲ್ಲಿ ಎಲ್ಲರೂ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ.

ತಂಗಿ


ಮಾರ್ಚ್ 18

ಕಿಡಿ,

ತೊಂಬತ್ತೇಳು.

ನೀನು ಎಲ್ಲರೂ ಕ್ಷೇಮ ಎಂದು ಬರೆದದ್ದನ್ನು ನೋಡಿ ಗಾಬರಿಯಾಯಿತು. ಏನಾಗಿದೆ?

ಅಕ್ಕ


ಮಾರ್ಚ್ 22

ಅಕ್ಕ,

ಸೂಜಿ ಯಾರನ್ನೂ ಎಬ್ಬಿಸಿ ಚಹಾ ಕೊಟ್ಟಿಲ್ಲ. ಕೊಟ್ಟವಳು ನಾನು.

ಮುದುಕ ಮೊದಲು ಚಹಾ ಕುಡಿದು, ಜಗಳವಾಡಿ, ಆಮೇಲೆ ಸಾಯುತ್ತಾನೆ. ಚಹಾ ಇರುವುದು ಆರನೇ ಫಾರಮ್ಮಿನಲ್ಲಿ, ಸಾವು ಏಳನೆಯದರಲ್ಲಿ. ಜೋಡಣೆಯ ದಿನ ಊಟವಾದ ಮೇಲೆ ಆ ಎರಡೂ ರಾಶಿಗಳನ್ನು ಬೆಳಕಿಗೆಂದು ಕಿಟಕಿಯ ಬಳಿ ಒಯ್ದು ಓದುತ್ತಾ ನಿಂತೆ. ಜೋಡಿಸುವವರು ಓದಬಾರದು ಎಂದು ಅಪ್ಪ ಸಾವಿರ ಸಲ ಹೇಳಿದ್ದಾರೆ. ಓದಿಯೂ ಓದಿದೆ, ಅತ್ತೂ ಅತ್ತೆ. ಕಣ್ಣು ಒರೆಸಿಕೊಳ್ಳುತ್ತಾ ರಾಶಿಗಳನ್ನು ತಂದು ಮೇಜಿನ ಮೇಲಿಟ್ಟೆ, ಆರರ ಜಾಗದಲ್ಲಿ ಏಳು, ಏಳರ ಜಾಗದಲ್ಲಿ ಆರು. ರಾಶಿ ಮುಗಿಯುವವರೆಗೂ ಹಾಗೆಯೇ ಸುತ್ತಿದೆ. ಐವತ್ತು ಪ್ರತಿ. ಅಪ್ಪ ಮೆಟ್ಟಿಲು ನೋಡಿದ್ದರೆ ಮೊದಲನೆಯದರಲ್ಲೇ ಸಿಕ್ಕಿಬೀಳುತ್ತಿತ್ತು. ನೋಡದಂತೆ ಮಾಡಿದವಳೂ ನಾನೇ.

ಐವತ್ತರಲ್ಲಿ ಒಂದು ನಿನ್ನ ಬಳಿ ಇದೆ. ನಲವತ್ತೊಂಬತ್ತು ಅಂಗಡಿಗೆ ಹೋದ ಮುನ್ನೂರರೊಳಗೆ ಸೇರಿಹೋಗಿವೆ. ಕಟ್ಟು ಬಿಚ್ಚಿ ನೋಡುತ್ತೇನೆ ಎಂದು ಮೊನ್ನೆ ಅಂಗಡಿಗೆ ಹೋದೆ. ಅಂಗಡಿಯವರು ಬಿಡಲಿಲ್ಲ. ‘ಮೂವತ್ತನೇ ತಾರೀಖಿನವರೆಗೆ ಕಾಯೋಕಾಗಲ್ವಾ ನಿನಗೆ? ಎಲ್ಲರ ಹಾಗೆ ಸಾಲಲ್ಲಿ ನಿಲ್ಲು ಮಗಳೇ’ ಎಂದರು.

ಅಪ್ಪನಿಗೆ ಹೇಳಿಲ್ಲ. ಏಳು ವರ್ಷದ ಹಿಂದೆ ಆ ರೈಲು ವೇಳಾಪಟ್ಟಿ ಪುಟ ಅಸ್ತವ್ಯಸ್ತವಾಗಿ ವಾಪಸು ಬಂತಲ್ಲ, ಅದಾದ ಮೇಲೆ ನಮ್ಮ ಮನೆಯಿಂದ ಹೋದ ಒಂದು ಪುಸ್ತಕವೂ ತಿರುಗಿ ಬಂದಿಲ್ಲ. ಅದನ್ನು ಅವರು ಯಾರೆದುರೂ ಹೇಳಿಕೊಳ್ಳುವುದಿಲ್ಲ, ಆದರೆ ಅದರ ಮೇಲೆಯೇ ನೆಟ್ಟಗೆ ನಿಂತಿದ್ದಾರೆ. ಈಗ ಸೂಜಿಯ ಎದುರಿಗೇ ಪುಸ್ತಕ ತೆರೆದುಕೊಳ್ಳುತ್ತದೆ. ಯಾರ ಮಾತನ್ನು ಹಿಡಿದು ಅಪ್ಪನ ಬಾಯಿ ಮುಚ್ಚಿಸಿದೆನೋ ಅವರ ಎದುರಿಗೆ. ಕಿರುಪುಸ್ತಿಕೆಯಲ್ಲಿ ‘ಸತ್ಯ’ ಎಂಬ ಪದಕ್ಕೆ ಅಡಿಗೆರೆ ಎಳೆಯುವುದು ಸುಲಭ ಅಕ್ಕ.

ಒಂದು ಉಪಾಯ ಮಾಡಿದ್ದೇನೆ. ಸಾಲಿನಲ್ಲಿ ಮುಂದೆ ನಿಂತು, ಮೇಜಿನ ಮೇಲಿನ ಪುಸ್ತಕಗಳನ್ನು ನೋಡುವ ನೆಪದಲ್ಲಿ ತಪ್ಪು ಪ್ರತಿಗಳನ್ನು ಹುಡುಕಿ ಅಮ್ಮನ ಚೀಲಕ್ಕೆ ಹಾಕುವುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ಎನ್ನುತ್ತೀಯ. ಬೇರೆ ದಾರಿ ಇದ್ದರೆ ಹೇಳು. ಅಪ್ಪನಿಗೆ ಮಾತ್ರ ಬರೆಯಬೇಡ.

ತಂಗಿ


ಮಾರ್ಚ್ 26

ಕಿಡಿ,

ಅಪ್ಪನಿಗೆ ಬರೆಯುವುದಿಲ್ಲ. ನೀನು ಏನು ಮಾಡಬೇಕೆಂದೂ ಹೇಳುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದಾಳೆ ಎಂದುಕೋ, ಬೇಸರವಿಲ್ಲ. ಈ ಒಂದು ವಿಷಯದಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಯಾಕೆಂದು ಕೇಳಬೇಡ.

ಬಾಟಲಿಯ ವಿಷಯವನ್ನಾದರೆ ಹೇಳಬಲ್ಲೆ. ಬಿರುಕು ಕಂಡ ಬಾಟಲಿಯನ್ನು ನಾವು ಎಸೆಯುವುದಿಲ್ಲ. ಒಡೆದು ಕುಲುಮೆಗೆ ಹಾಕುತ್ತಾರೆ, ಅದೇ ಗಾಜು ಮರುದಿನ ಹೊಸ ಬಾಟಲಿಯಾಗಿ ನನ್ನ ಮುಂದೆ ಬರುತ್ತದೆ. ಕಣ್ಣಿಗೆ ಬೀಳದೆ ಹೋದದ್ದು ಮಾತ್ರ ಯಾರದೋ ಕೈಯಲ್ಲಿ ಒಡೆಯುತ್ತದೆ.

ಅಜ್ಜಿಯನ್ನು ಬಹಳ ಹೊತ್ತು ನಿಲ್ಲಿಸಬೇಡ.

ಅಕ್ಕ


ಮಾರ್ಚ್ 31

ಅಕ್ಕ,

ಈ ಪತ್ರ ಉದ್ದವಾಗುತ್ತದೆ, ಕೂತು ಓದು. ಕಾಗದದ ಮೇಲಿನ ಕಲೆಗಳು ಅಂಟಿನವು, ಕಣ್ಣೀರಿನವಲ್ಲ.

ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಹೋದರೂ ನಮಗಿಂತ ಮುಂದೆ ಇಪ್ಪತ್ತು ಮೂವತ್ತು ಜನರಿದ್ದರು. ಅಂಗಡಿಯವರು ಅಜ್ಜಿಗೆ ಒಂದು ಸ್ಟೂಲು ಕೊಟ್ಟರು. ಸಾಲು ಒಂದು ಹೆಜ್ಜೆ ಸರಿದಾಗಲೆಲ್ಲ ಅಜ್ಜಿ ಎದ್ದು, ಸ್ಟೂಲನ್ನು ಒಂದು ಹೆಜ್ಜೆ ಸರಿಸಿ, ಮತ್ತೆ ರಾಣಿಯಂತೆ ಕೂರುತ್ತಿದ್ದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಮಡಿಕೆ ಒತ್ತುವ ಮೂಳೆಪಟ್ಟಿ ಸಿಕ್ಕಿಸಿಕೊಂಡಿದ್ದರು. ಸಹಿ ಹಾಕಿಸಿಕೊಳ್ಳುವ ಕಡೆ ಅದೆಲ್ಲ ಯಾಕಪ್ಪ ಎಂದರೆ, ‘ಪೆನ್ನಿನವರು ಪೆನ್ನು ಇಟ್ಕೊಳ್ತಾರೆ, ನಮ್ಮದು ಇದು’ ಎಂದರು. ನನ್ನ ಜೇಬಿನಲ್ಲಿ ಸೂಜಿಯ ಎದುರು ಹೇಳಬೇಕೆಂದು ಬರೆದುಕೊಂಡ ನಾಲ್ಕು ಪುಟದ ಭಾಷಣವಿತ್ತು.

ಸೂಜಿ ಎಂದರೆ ಎತ್ತರದ ನಿಲುವು, ಕೆಂಡದಂಥ ಕಣ್ಣು ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಮೇಜಿನ ಹಿಂದೆ ಕೂತಿದ್ದವರು ಅಜ್ಜಿಗಿಂತ ಒಂದು ಗೇಣು ಕುಳ್ಳಗಿದ್ದರು. ಕೆಮ್ಮಿನ ಮಾತ್ರೆ ಚೀಪುತ್ತಿದ್ದರು. ಸ್ವೆಟರಿನ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದರಿಂದ ಒಂದು ಭುಜ ಮೇಲೇರಿ ಕೂತಿತ್ತು. ಅವರು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ನಿಮ್ಮ ಕೆಲಸವೇನು ಎಂದು ಕೇಳಿ, ಹೆಸರಿನ ಜಾಗದಲ್ಲಿ ಅದನ್ನೇ ಬರೆದು ಸಹಿ ಮಾಡುತ್ತಿದ್ದರು. ಬಸ್ಸು ಓಡಿಸುವವರಿಗೆ, ಹಲ್ಲು ಕೀಳುವವರಿಗೆ, ಹೀಗೆ. ನಮ್ಮ ಮುಂದಿದ್ದ ಹೆಂಗಸು ಏನೂ ಕೆಲಸವಿಲ್ಲ, ಮನೆಯಲ್ಲೇ ಇರುತ್ತೇನೆ ಎಂದರು. ಸೂಜಿ ಪೆನ್ನು ಕೆಳಗಿಟ್ಟು, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂದು ಕೇಳಿದರು. ಆಮೇಲೆ ಬರೆದದ್ದು: ‘ಎಲ್ಲರಿಗಿಂತ ಮೊದಲು ಏಳುವವರಿಗೆ.’ ಆ ಹೆಂಗಸು ಪುಸ್ತಕವನ್ನು ಎದೆಗೊತ್ತಿಕೊಂಡು ಬಾಗಿಲಿನವರೆಗೂ ತಿರುಗಿ ತಿರುಗಿ ನೋಡುತ್ತಾ ಹೋದರು.

ಈ ಹೊತ್ತಿಗೆ ನಾನು ನನ್ನ ಘನಕಾರ್ಯ ಶುರುಮಾಡಿದ್ದೆ. ಪಕ್ಕದ ರಾಶಿಯಿಂದ ಎರಡು ತಪ್ಪು ಪ್ರತಿ ಸಿಕ್ಕವು, ಅಮ್ಮನ ಚೀಲಕ್ಕೆ ಜಾರಿಸಿದೆ. ಅಂಗಡಿಯವರು ನನ್ನತ್ತ ನೋಡಿದ ಕೂಡಲೇ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡೆ. ಅಷ್ಟರಲ್ಲಿ ನಮ್ಮ ಸರದಿ ಬಂತು.

ಅಮ್ಮನನ್ನು ಕೇಳಿದರು. ಹೊಲಿಯುತ್ತೇನೆ ಎಂದಳು. ಏನು ಹೊಲಿಯುತ್ತೀರಿ ಎಂದರು. ಅಮ್ಮ ಮೇಜಿನ ಮೇಲಿದ್ದ ಅವರದೇ ಪುಸ್ತಕವನ್ನು ತೋರಿಸಿ, ‘ಇದನ್ನೇ’ ಎಂದಳು. ಅವರು ಎದ್ದು ನಿಂತುಬಿಟ್ಟರು. ಮೂವತ್ತು ವರ್ಷದಿಂದ ಬರೆಯುತ್ತಿದ್ದರೂ ತಮ್ಮ ಬರಹವನ್ನು ಹೊಲಿದವರನ್ನು ಕಂಡದ್ದು ಇದೇ ಮೊದಲಂತೆ. ಅಜ್ಜಿ ಮಡಿಸುವವಳು, ಅಪ್ಪ ಕತ್ತರಿಸಿ ಅಂಟಿಸುವವರು ಎಂದು ತಿಳಿದು ಇಬ್ಬರ ಕೈಯನ್ನೂ ಹಿಡಿದುಕೊಂಡು, ಅಂಗೈ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ನೀನು?’

ಬೇರೆ ಏನು ಕೇಳಿದ್ದರೂ ನನ್ನ ಬಳಿ ನಾಲ್ಕು ಪುಟ ಉತ್ತರವಿತ್ತು. ಇದಕ್ಕೆ ಇದ್ದದ್ದು ಒಂದೇ.

‘ಜೋಡಿಸುವವಳು’ ಎಂದೆ. ‘ತಪ್ಪು ಜೋಡಿಸಿದವಳು.’

ಹೇಳಲು ಬಾಯಿ ತೆರೆದ ಮೇಲೆ ನಿಲ್ಲಿಸಲಾಗಲಿಲ್ಲ. ಆರು, ಏಳು, ಕಿಟಕಿ, ಅಳು, ಐವತ್ತು ಪ್ರತಿ, ಅಪ್ಪ ಮೆಟ್ಟಿಲು ನೋಡುವುದನ್ನು ಅವರ ಮಾತು ಹಿಡಿದೇ ನಿಲ್ಲಿಸಿದ್ದು, ಅಮ್ಮನ ಚೀಲ, ಎಲ್ಲವನ್ನೂ ಹೇಳಿದೆ. ಚೀಲದಿಂದ ಒಂದು ಪ್ರತಿ ತೆಗೆದು ಕೊಟ್ಟೆ. ಅಪ್ಪನ ಮುಖವನ್ನು ನೋಡಲಿಲ್ಲ, ಮೂಳೆಪಟ್ಟಿಯನ್ನೇ ನೋಡುತ್ತಿದ್ದೆ. ಅವರು ಆ ಜಾಗವನ್ನು ತೆರೆದು ನಿಧಾನವಾಗಿ ಓದಿದರು.

‘ಸತ್ತ ಮೇಲೆ ಚಹಾ ಕುಡೀತಾನೆ’ ಎಂದರು.

ನಮ್ಮಕ್ಕ ಅದನ್ನು ಓದಿ ಬಹಳ ಮೆಚ್ಚಿಕೊಂಡಳು ಎಂದು ತೊದಲಿದೆ.

‘ಮೆಚ್ಚಲಿ. ನಾನು ಹಾಗೆ ಬರೆದಿಲ್ಲ. ಇದು ಸರಿಯಾಗಬೇಕು.’

ಬೈಯುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾರೆ ಎಂದು. ಎರಡಕ್ಕೂ ಸಿದ್ಧಳಾಗಿದ್ದೆ, ಈ ಮೂರನೆಯದಕ್ಕೆ ಸಿದ್ಧಳಿರಲಿಲ್ಲ. ಆಗ ಸ್ಟೂಲಿನಿಂದ ಅಜ್ಜಿಯ ದನಿ ಬಂತು.

‘ಸೂಜಿಯಮ್ಮ, ನಮ್ಮ ಹುಡುಗಿ ಎರಡು ರಾಶಿ ತಪ್ಪಿಟ್ಟಿದಾಳೆ. ನೀವು ಒಂದು ಗುಂಡಿ ತಪ್ಪು ಹಾಕಿದೀರಿ. ಎರಡನ್ನೂ ಬಿಚ್ಚಿ ಹಾಕಿದರಾಯ್ತು.’

ಅವರು ಬಗ್ಗಿ ತಮ್ಮ ಎದೆಯನ್ನು ನೋಡಿಕೊಂಡರು. ಆಮೇಲೆ ನಗಲು ಶುರುಮಾಡಿದವರು ಕೆಮ್ಮಿನ ಮಾತ್ರೆ ನೆತ್ತಿಗೇರಿ ಅಮ್ಮ ಬೆನ್ನು ತಟ್ಟುವವರೆಗೂ ನಿಲ್ಲಿಸಲಿಲ್ಲ. ಅಜ್ಜಿಯೇ ಎದ್ದು ಹೋಗಿ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಬಿಚ್ಚಿ ಸರಿಯಾಗಿ ಹಾಕಿದಳು. ಇಡೀ ಸಾಲು ನಗುತ್ತಿತ್ತು. ಸೂಜಿ ಕಣ್ಣೊರೆಸಿಕೊಂಡು, ಸರಿಮಾಡಲು ಎಷ್ಟು ಹೊತ್ತು ಬೇಕು ಎಂದು ಅಪ್ಪನನ್ನು ಕೇಳಿದರು. ಅಪ್ಪ ಕನ್ನಡಕ ಹಣೆಗೇರಿಸಿ, ಆ ಪ್ರತಿಯ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹೆಚ್ಚುವರಿ ಕವರುಗಳಿವೆ, ಸಂಜೆಯೊಳಗೆ ಆಗುತ್ತದೆ ಎಂದರು.

ಆಮೇಲೆ ನಡೆದದ್ದು ಜಾತ್ರೆಗಿಂತ ಹೆಚ್ಚು. ಸೂಜಿ ಸಾಲಿನಲ್ಲಿದ್ದವರಿಗೂ, ಸಹಿ ಮುಗಿಸಿ ಅಲ್ಲೇ ನಿಂತು ಓದುತ್ತಿದ್ದವರಿಗೂ ಎಂಬತ್ತನೇ ಪುಟ ತೆರೆಯಲು ಹೇಳಿದರು. ಕಟ್ಟುಗಳನ್ನು ಬಿಚ್ಚಿ ಒಬ್ಬರಿಗೊಬ್ಬರು ಪುಸ್ತಕ ದಾಟಿಸುತ್ತಾ, ‘ಇಲ್ಲೊಂದು ತೊಂಬತ್ತೇಳು’ ಎಂದು ಲಾಟರಿ ಹೊಡೆದವರ ಹಾಗೆ ಕೈ ಎತ್ತುತ್ತಿದ್ದರು. ನಲವತ್ತೊಂಬತ್ತೂ ಸಿಕ್ಕವು. ಅದರಲ್ಲಿ ಏಳು ಜನ ತಮ್ಮ ಪ್ರತಿಯನ್ನು ಏನು ಮಾಡಿದರೂ ಬಿಟ್ಟುಕೊಡಲಿಲ್ಲ. ಹಲ್ಲು ಕೀಳುವವರಂತೂ ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ನಾನು ಕಟ್ಟು ಕಟ್ಟುತ್ತಿದ್ದಾಗ ಸೂಜಿ ಹತ್ತಿರ ಬಂದು ಮೆಲ್ಲಗೆ ಕೇಳಿದರು. ‘ನಂಬಿಕೆ ಅಂದ್ರೆ ನೋಡದೇ ಇರೋದು ಅಂತ ನಾನು ಎಲ್ಲಿ ಬರೆದಿದ್ದೆ? ನನ್ನ ಒಂದೊಂದು ಪುಟನೂ ನಾಲ್ಕು ಜನ ಗೆಳತಿಯರು ನೋಡ್ತಿದ್ರು. ಅವರು ಹೊಡೆದು ಹಾಕಿ ಉಳಿಸಿದ್ದೇ ಎಂಟು ಪುಟ.’ ನಾನು ಏಳು ವರ್ಷ ಆ ಎಂಟು ಪುಟ ಓದಿದ್ದೇನೆ ಅಕ್ಕ, ಅವು ಯಾಕೆ ಎಂಟೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅಪ್ಪ ನನ್ನ ಕೈಯ ಕಟ್ಟನ್ನು ತೆಗೆದುಕೊಂಡರು. ಬೈಯಿರಿ ಎಂದೆ. ಬೈಯಲಿಲ್ಲ. ‘ನಿನ್ನ ವಾದಕ್ಕೆ ಸೋತು ನಾನು ನೋಡೋದು ಬಿಟ್ಟೆ ಅಂದ್ಕೊಂಡಿದೀಯ. ನನಗೆ ನಿಮ್ಮ ಯಾರ ಮೇಲೂ ಅನುಮಾನ ಇರಲಿಲ್ಲ ಮಗಳೇ. ನನ್ನ ಕಣ್ಣಿನ ಮೇಲೆ ಇತ್ತು. ಆ ವೇಳಾಪಟ್ಟೀಲಿ ನಾನೇ ನೋಡಿ ಸರಿ ಅಂದದ್ದು ತಪ್ಪಾಗಿತ್ತಲ್ಲ. ಅವತ್ತಿಂದ ಏಳು ವರ್ಷ ನೋಡೋ ನಾಟಕ ಆಡ್ತಿದ್ದೆ. ನೀನು ನಿಲ್ಸು ಅಂದಾಗ ಬದುಕಿದೆ ಅನ್ನಿಸ್ತು’ ಎಂದರು. ಇನ್ನು ಮೇಲೆ ಮೆಟ್ಟಿಲನ್ನು ನಾನೇ ನೋಡಬೇಕಂತೆ.

ಈಗ ಕೇಳು. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಸೂಜಿ. ಅಂಗಡಿಯ ಕೆಲಸ ಮುಗಿಯಿತು, ಪುಸ್ತಕ ಆಗುವುದನ್ನು ನೋಡಬೇಕು ಎಂದರು. ಅಪ್ಪ ಕವರು ಕೀಳುತ್ತಿದ್ದರು, ನಾನು ದಾರ ಬಿಚ್ಚಿ ಆರನ್ನೂ ಏಳನ್ನೂ ಅದಲು ಬದಲು ಮಾಡುತ್ತಿದ್ದೆ, ಅಮ್ಮ ಮತ್ತೆ ಹೊಲಿಯುತ್ತಿದ್ದಳು. ಅವರೂ ಸ್ವೆಟರಿನ ತೋಳು ಮಡಚಿ ನನ್ನ ಪಕ್ಕ ನಿಂತರು. ಹತ್ತು ನಿಮಿಷ ಚೆನ್ನಾಗಿಯೇ ಮಾಡಿದರು. ಆಮೇಲೆ ನೋಡುತ್ತೇನೆ, ಏಳನೇ ಫಾರಂ ಕೈಯಲ್ಲಿ ಹಿಡಿದು, ತಮ್ಮದೇ ಮುದುಕ ಸಾಯುವುದನ್ನು ಓದುತ್ತಾ ಮೂಗು ಒರೆಸಿಕೊಳ್ಳುತ್ತಿದ್ದಾರೆ.

ಅಪ್ಪ ಅಂಟಿನ ಬ್ರಷ್ಷು ಎತ್ತಿದರು. ‘ಓದಬೇಡಿ ತಾಯಿ. ಓದೋ ಪೈಕಿ ನಮ್ಮನೇಲಿ ಆಗಲೇ ಒಬ್ಬಳಿದಾಳೆ.’

ಸಂಜೆಯೊಳಗೆ ನಲವತ್ತೆರಡೂ ಮುಗಿದವು. ಅಂಟು ಇನ್ನೂ ಒದ್ದೆಯಿರುವಾಗಲೇ ಸೂಜಿ ಸಹಿ ಮಾಡಿದರು. ನಮ್ಮ ಮನೆಯ ಪ್ರತಿಯಲ್ಲಿ ಮಡಿಸಿದವರಿಗೆ, ಹೊಲಿದವರಿಗೆ, ಅಂಟಿಸಿದವರಿಗೆ ಎಂದು ಬರೆದು, ಕೆಳಗೆ ‘ಎರಡು ಸಲ ಜೋಡಿಸಿದವಳಿಗೆ’ ಎಂದು ಬರೆದರು. ನನ್ನ ಅಕ್ಕನಿಗೂ ಒಂದು ಬೇಕು ಎಂದೆ. ಅವಳ ಕೆಲಸವೇನು ಎಂದರು. ಕಾವಲುಗಾರ್ತಿ ಎನ್ನಲು ನಾಲಿಗೆ ಹೊರಳಲಿಲ್ಲ. ಇದರ ಜೊತೆಗಿರುವ ಚೀಟಿ ನೋಡು. ‘ಬೆಳಕಿಗೆ ಹಿಡಿದು ನೋಡುವವಳಿಗೆ.’ ಕ್ಷಮಿಸು ಎಂದು ಬರೆಯಲು ನನಗೆ ಇನ್ನೂ ಬರುವುದಿಲ್ಲ, ಚೀಟಿಯಲ್ಲೇ ಓದಿಕೋ.

ನಿನ್ನ ಪ್ರತಿ ಕಳಿಸಿದರೆ ಅದನ್ನೂ ಸರಿಮಾಡಿ ಕೊಡುತ್ತೇನೆ.

ನಿನ್ನ ಕಿಡಿ


ಏಪ್ರಿಲ್ 5

ಕಿಡಿ,

ಪತ್ರವನ್ನು ಓದಿ ನಗುತ್ತಾ ಬಂದವಳು ಅಪ್ಪ ದಾರಿಯಲ್ಲಿ ಆಡಿದ ಮಾತಿನ ಹತ್ತಿರ ನಿಂತುಬಿಟ್ಟೆ. ಮೂರು ದಿನವಾಯಿತು, ಇನ್ನೂ ಅಲ್ಲೇ ನಿಂತಿದ್ದೇನೆ.

ಮೊದಲು ಸಣ್ಣ ತಪ್ಪೊಪ್ಪಿಗೆ. ಎಂಬತ್ತರ ಎದುರಿಗೆ ತೊಂಬತ್ತೇಳು ಕಂಡ ಕ್ಷಣವೇ ನನಗೆ ಗೊತ್ತಾಯಿತು. ನಾನೂ ಆ ಮೇಜಿನ ಸುತ್ತ ಹತ್ತು ವರ್ಷ ಸುತ್ತಿದವಳು, ಕಸುಬು ಮರೆಯುತ್ತದೆಯೇ? ನೇರವಾಗಿ ಬರೆದಿದ್ದರೆ ನೀನು ಉರಿದುಬಿದ್ದು, ಅಲ್ಲಿ ಕೂತೂ ತಪಾಸಣೆಯೇ ಎನ್ನುತ್ತಿದ್ದೆ. ಅದಕ್ಕೇ, ನೀನೇ ಕಂಡುಕೊಳ್ಳಲಿ ಎಂದು ಹೊಗಳಿದೆ. ಊಟದ ಡಬ್ಬಿ ಮುಚ್ಚಿಟ್ಟದ್ದು ಮಾತ್ರ ಸುಳ್ಳಲ್ಲ.

ಇನ್ನು ದೊಡ್ಡದು. ವೇಳಾಪಟ್ಟಿಯನ್ನು ಅಪ್ಪ ಸರಿಯಾಗಿಯೇ ನೋಡಿದ್ದರು. ಅವರು ನೋಡಿ ಇಟ್ಟ ಮೇಲೆ ನಾನು ಒಂದು ಕಟ್ಟನ್ನು ಎತ್ತಲು ಹೋಗಿ ಕೈಜಾರಿ ಬೀಳಿಸಿದೆ. ಇಪ್ಪತ್ತು ಪ್ರತಿಯ ಫಾರಮ್ಮುಗಳು ನೆಲದ ತುಂಬಾ ಹರಡಿದವು. ಯಾರೂ ಬರುವ ಮುಂಚೆ ಎಂದು ಆತುರದಲ್ಲಿ ಹೇಗೋ ಜೋಡಿಸಿ ಹೊಲಿಗೆಗೆ ಕಳಿಸಿದೆ. ಜನ ತಪ್ಪು ಹೊತ್ತಿಗೆ ಸ್ಟೇಷನ್ನಿಗೆ ಹೋಗಿ, ಪುಸ್ತಕಗಳು ವಾಪಸು ಬಂದಾಗ ಅಪ್ಪ ‘ನನ್ನ ಕಣ್ಣು ಹೋಯ್ತು ಕಣಮ್ಮ’ ಎಂದರು. ಕಟ್ಟು ಬೀಳಿಸಿದ್ದನ್ನು ನಾನು ಹೇಳಲಿಲ್ಲ. ಮರುದಿನ ಅವರು ರಸ್ತೆ ಬದಿಯವನ ಹತ್ತಿರ ಒಂದು ಕನ್ನಡಕ ಕೊಂಡು ತಂದು, ಮೂಗಿನ ಮೇಲಿಟ್ಟು ಹೇಗಿದೆ ಎಂದು ನನ್ನನ್ನೇ ಕೇಳಿದರು. ಚೆನ್ನಾಗಿದೆ ಅಪ್ಪ ಎಂದೆ.

ನಾನು ದೊಡ್ಡ ಕಾರ್ಖಾನೆಯ ಆಸೆಗೆ ಮನೆ ಬಿಟ್ಟವಳಲ್ಲ. ಆ ಕನ್ನಡಕವನ್ನು ದಿನಾ ಎದುರಿಗೆ ನೋಡಲಾಗದೆ ಬಿಟ್ಟವಳು. ನೀನು ಇಡೀ ಅಂಗಡಿಯ ಎದುರು ಹೇಳಿದ್ದನ್ನು ನಾನು ನಾಲ್ಕು ಗೋಡೆಯೊಳಗೆ ಒಬ್ಬರಿಗೆ ಹೇಳಲಾರದೆ ಏಳು ವರ್ಷ ಕಳೆದೆ.

ಈ ಪತ್ರವನ್ನು ಅಪ್ಪನಿಗೆ ನೀನೇ ಗಟ್ಟಿಯಾಗಿ ಓದಿ ಹೇಳು. ಅವರ ಕೈಗೆ ಕೊಡಬೇಡ. ಕನ್ನಡಕ ಹಾಕಿಕೊಂಡು ಓದಲು ಹೋದರೆ ಮತ್ತೆ ತಲೆನೋವು ಬರುತ್ತದೆ.

ಅಕ್ಕ


ಏಪ್ರಿಲ್ 10

ಅಕ್ಕ,

ಓದಿದೆ. ಊಟವಾದ ಮೇಲೆ, ಉದ್ದ ಮೇಜಿನ ಬಳಿ, ಅಮ್ಮ ಅಜ್ಜಿ ಇಬ್ಬರೂ ಇದ್ದಾಗ. ನಾಲ್ಕು ಪುಟದ ಭಾಷಣಕ್ಕಿಂತ ಕಷ್ಟವಾಯಿತು.

ಮುಗಿದ ಮೇಲೆ ಅಪ್ಪ ಇನ್ನೊಮ್ಮೆ ಓದು ಎಂದರು, ವೇಳಾಪಟ್ಟಿಯ ಭಾಗವನ್ನು ಮಾತ್ರ. ಓದಿದೆ. ಅವರು ಕನ್ನಡಕವನ್ನು ಹಣೆಯಿಂದ ಪೂರ್ತಿ ತೆಗೆದು ಮೇಜಿನ ಮೇಲಿಟ್ಟು, ಎದ್ದು ಕಿಟಕಿಯ ಬಳಿ ಹೋಗಿ, ರಸ್ತೆಯಾಚೆಯ ಕ್ಷೌರದಂಗಡಿಯ ಬೋರ್ಡನ್ನು ಗಟ್ಟಿಯಾಗಿ ಓದಿದರು. ಅದರ ಕೆಳಗೆ ಸಣ್ಣಕ್ಷರದಲ್ಲಿದ್ದ ರಜೆಯ ದಿನವನ್ನೂ ಓದಿದರು. ವಾಪಸು ಬಂದು ಅಮ್ಮನ ಕೈಯಿಂದ ಸೂಜಿ ದಾರ ಕಿತ್ತುಕೊಂಡು, ಮೊದಲನೇ ಪ್ರಯತ್ನಕ್ಕೇ ಪೋಣಿಸಿಬಿಟ್ಟರು.

‘ಹಣೆ ಮೇಲೆ ಇಟ್ಕೊಳ್ಳೋದಕ್ಕೆ ಕನ್ನಡಕ ಯಾಕೆ ಅಂತ ಏಳು ವರ್ಷದಿಂದ ಕೇಳ್ತಿದ್ದೆ’ ಎಂದಳು ಅಮ್ಮ.

ಅಷ್ಟರಲ್ಲಿ ಅಜ್ಜಿ ಆ ಕನ್ನಡಕವನ್ನು ತಾನು ಹಾಕಿಕೊಂಡು, ಮಡಿಕೆಯ ಗೆರೆಯನ್ನು ಕಣ್ಣಿನ ಹತ್ತಿರ ಹಿಡಿದು, ಅಯ್ಯೋ ಇದು ಎಷ್ಟು ಚೆನ್ನಾಗಿ ಕಾಣುತ್ತದಲ್ಲ, ಇದನ್ನು ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದಿರಾ ಎಂದಳು. ಇನ್ನು ಅದು ಅವಳದು. ಕೇಳುವ ಧೈರ್ಯ ಯಾರಿಗೂ ಇಲ್ಲ.

ಅಪ್ಪ ನಿನಗೆ ಹೇಳಬೇಕೆಂದ ಮಾತು ಇಷ್ಟು, ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ. ‘ಚೆನ್ನಾಗಿದೆ ಅಪ್ಪ ಅಂದಳಲ್ಲ ಅವತ್ತು, ಸುಳ್ಳಿ. ನಾನು ಗೂಬೆ ಥರ ಕಾಣ್ತಿದ್ದೆ. ಬರೋಕೆ ಹೇಳು. ಮುಂದಿನ ಪುಸ್ತಕಕ್ಕೆ ಇಪ್ಪತ್ತೆರಡು ಫಾರಂ ಇದೆ, ಮೇಜಿನ ಸುತ್ತ ಒಂದು ಜೊತೆ ಕಾಲು ಕಮ್ಮಿ.’

ನಾಲ್ಕು ದಿನದ ರಜೆ ಹಾಕಿ ಬಾ. ನಿನ್ನ ಪ್ರತಿಯನ್ನೂ ತಾ. ಸರಿಮಾಡಲು ಅಲ್ಲ. ಇಲ್ಲಿರುವುದನ್ನೆಲ್ಲ ನಾವೇ ಸರಿಮಾಡಿ ಮುಗಿಸಿದೆವು. ಮುದುಕ ಸತ್ತ ಮೇಲೆ ಎದ್ದು ಬಂದು ಚಹಾ ಕುಡಿಯುವುದನ್ನು ಅಜ್ಜಿ ನಿನ್ನ ಬಾಯಿಂದ ಕೇಳಬೇಕಂತೆ.

ಈ ಪತ್ರವನ್ನು ಮಡಿಸುವ ಮುಂಚೆ ಇನ್ನೊಂದು. ಇವತ್ತು ಬೆಳಿಗ್ಗೆ ಅಪ್ಪ ಮೊದಲಿನಂತೆ ಬಾಗಿಲಿನ ಬೆಳಕಿಗೆ ನಿಂತು, ಬರಿಗಣ್ಣಿನಲ್ಲಿ ಮೆಟ್ಟಿಲು ನೋಡಲು ಶುರುಮಾಡಿದರು. ಹದಿನೇಳನೇ ಪ್ರತಿಯಲ್ಲಿ ಒಂಬತ್ತನೇ ಫಾರಂ ತಲೆಕೆಳಗಾಗಿದ್ದನ್ನು ಹಿಡಿದರು. ಜೋಡಿಸಿದವಳು ನಾನೇ. ಆ ಪ್ರತಿಯನ್ನು ಎತ್ತಿ ಹಿಡಿದುಕೊಂಡು ಅಮ್ಮನಿಗೆ ತೋರಿಸಿದರು, ಅಜ್ಜಿಗೆ ತೋರಿಸಿದರು, ರಸ್ತೆ ದಾಟಿ ಹೋಗಿ ಕ್ಷೌರದವನಿಗೂ ತೋರಿಸಿ ಬಂದರು. ಈಗ ಕಟಿಂಗ್ ಮಷಿನ್ ಮುಂದೆ ನಿಂತು ಹಾಡುತ್ತಿದ್ದಾರೆ. ನಮ್ಮ ಅಪ್ಪನಿಗೆ ಹಾಡಲು ಬರುತ್ತದೆ ಎಂದು ನೀನು ಯಾಕೆ ನನಗೆ ಹೇಳಿರಲಿಲ್ಲ?

ಕಿಡಿ